ನನ್ನ ಪೋಸ್ಟ್‌ಗಳು ಹುಡುಕಿದರೂ ಸಿಗುತ್ತಿಲ್ಲ, ಏನು ಮಾಡಬೇಕು?

ಸೂಜಿಮೊನೆ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಾನು ಹೊಲಿಗೆ ಮೆಷಿನ್ ರಿಪೇರಿ ಬಗ್ಗೆ ಪೋಸ್ಟ್ ಹಾಕುತ್ತೇನೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಎರಡರಲ್ಲೂ ಹಾಕುತ್ತೇನೆ, ಆಗಾಗ ಯೂಟ್ಯೂಬ್‌ನಲ್ಲಿ ವಿಡಿಯೊ ಕೂಡ. ದಾರ ಯಾಕೆ ತುಂಡಾಗುತ್ತದೆ, ಬಾಬಿನ್ ಕೇಸ್ (ಕೆಳಗಿನ ದಾರದ ಉಂಡೆ ಕೂರುವ ಡಬ್ಬಿ) ಹೇಗೆ ಕೂರಿಸಬೇಕು, ಸೂಜಿ ಯಾವಾಗ ಬದಲಿಸಬೇಕು, ಎಣ್ಣೆ ಎಲ್ಲೆಲ್ಲಿ ಬಿಡಬೇಕು, ಇಂಥವು.

ಹಾಕಿದ ದಿನ ಒಂದಷ್ಟು ಜನ ನೋಡುತ್ತಾರೆ. ಮರುದಿನವೂ ಸ್ವಲ್ಪ ಜನ ಬರುತ್ತಾರೆ. ಆಮೇಲೆ ಆ ಪೋಸ್ಟ್ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಕೆಲವು ತಿಂಗಳ ಹಿಂದೆ ದಾರ ತುಂಡಾಗುವುದರ ಬಗ್ಗೆ ಫೋಟೊ ಸಮೇತ ಬಹಳ ವಿವರವಾಗಿ ಒಂದು ಪೋಸ್ಟ್ ಮಾಡಿದ್ದೆ. ಮೊನ್ನೆ ಪರಿಚಯದವರೊಬ್ಬರು ಅದೇ ತೊಂದರೆಗೆ ಉತ್ತರ ಹುಡುಕುತ್ತಿದ್ದರು, ಅವರ ಫೋನ್‌ನಲ್ಲಿ ಎಷ್ಟು ಹುಡುಕಿದರೂ ನನ್ನದು ಬರಲೇ ಇಲ್ಲ. ಬೇರೆ ಯಾರದೋ ಅರೆಬರೆ ವಿಡಿಯೊ ಮೊದಲು ಬಂತು.

ಆ ಪೋಸ್ಟಿನ ಮೇಲೆ ಬರೆದಿದ್ದ ಸಾಲು ಇದು: "ಸಿಟ್ಟು ಮಾಡಿಕೊಂಡ ದಾರವನ್ನು ಸಮಾಧಾನ ಮಾಡುವುದು ಹೀಗೆ!" ಕೆಳಗೆ #ಹೊಲಿಗೆ #ಟೈಲರಿಂಗ್ #ಟ್ರೆಂಡಿಂಗ್ #ವೈರಲ್ ಅಂತ ಒಂದು ರಾಶಿ ಹ್ಯಾಶ್‌ಟ್ಯಾಗ್ ಇದ್ದವು. ವಿವರ ಎಲ್ಲ ಫೋಟೊಗಳ ಮೇಲೇ ದೊಡ್ಡ ಅಕ್ಷರದಲ್ಲಿ ಬರೆದಿದ್ದೆ, ಜನ ಓದಲು ಸುಲಭ ಆಗಲಿ ಅಂತ.

ನನಗೆ ಲೈಕ್ ಎಷ್ಟು ಬರುತ್ತದೆ ಅನ್ನುವ ಚಿಂತೆ ಇಲ್ಲ. ಮೆಷಿನ್ ನಿಂತುಹೋಗಿ ಅರ್ಧ ಹೊಲಿದ ಬಟ್ಟೆ ಕೈಯಲ್ಲಿ ಹಿಡಿದು ಕೂತವರಿಗೆ ಆ ಹೊತ್ತಿನಲ್ಲಿ ಉತ್ತರ ಸಿಗಬೇಕು. ಹ್ಯಾಶ್‌ಟ್ಯಾಗ್ ಇನ್ನೂ ಜಾಸ್ತಿ ಹಾಕಬೇಕಾ? ಜಾಹೀರಾತಿಗೆ ದುಡ್ಡು ಕೊಡದೆ ಇದಕ್ಕೆ ದಾರಿ ಇದೆಯಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಚುಕ್ಕಿಗೆರೆ

ದಾರಿ ಇದೆ, ದುಡ್ಡೂ ಬೇಡ. ಮೊದಲು ಹ್ಯಾಶ್‌ಟ್ಯಾಗ್ ವಿಷಯ ಪಕ್ಕಕ್ಕಿಡಿ, ಅದಕ್ಕೆ ಆಮೇಲೆ ಬರುತ್ತೇನೆ.

ನಿಮಗೆ ರಿಪೇರಿ ಏನೂ ಗೊತ್ತಿಲ್ಲ, ಮೆಷಿನ್‌ನಲ್ಲಿ ದಾರ ಮತ್ತೆ ಮತ್ತೆ ತುಂಡಾಗುತ್ತಿದೆ ಅಂದುಕೊಳ್ಳಿ. ಸರ್ಚ್‌ನಲ್ಲಿ ಏನು ಟೈಪ್ ಮಾಡುತ್ತೀರಿ? "ಹೊಲಿಗೆ ಮೆಷಿನ್ ದಾರ ಕಟ್ ಆಗ್ತಿದೆ" ಅಂತ ತಾನೇ? ಈಗ ನಿಮ್ಮ ಸಾಲು ನೋಡಿ. ಅದರಲ್ಲಿ ಮೆಷಿನ್ ಇಲ್ಲ, ಕಟ್ ಇಲ್ಲ, ತುಂಡು ಅನ್ನುವ ಮಾತೂ ಇಲ್ಲ. ದಾರ ಒಂದು ಇದೆ, ಅದೂ "ದಾರವನ್ನು" ಅಂತ ಆಗಿದೆ. ಓದಲು ಖುಷಿ ಕೊಡುವ ಸಾಲು, ನಿಜ. ನಿಮ್ಮನ್ನು ಮೊದಲಿಂದ ನೋಡುತ್ತಿರುವವರಿಗೆ ಅದು ಇಷ್ಟ ಆಗುತ್ತದೆ. ಆದರೆ ನಿಮ್ಮ ಪರಿಚಯವೇ ಇಲ್ಲದೆ ಹುಡುಕುತ್ತಿರುವವರು ಆ ಸಾಲಿನ ಹತ್ತಿರವೂ ಬರುವುದಿಲ್ಲ, ಯಾಕೆಂದರೆ ಅವರು ಟೈಪ್ ಮಾಡಿದ ಮಾತು ಯಾವುದೂ ಅಲ್ಲಿಲ್ಲ.

ನನ್ನ ಪ್ರಕಾರ ಇಡೀ ವಿಷಯ ಇಷ್ಟೇ. ಹುಡುಕುವವರ ಬಾಯಲ್ಲಿ ಬರುವ ಮಾತು ನಿಮ್ಮ ಪೋಸ್ಟಿನಲ್ಲಿ, ಟೈಪ್ ಮಾಡಿದ ಅಕ್ಷರವಾಗಿ, ಇರಲೇಬೇಕು. ಉಳಿದದ್ದೆಲ್ಲ ಅದಕ್ಕೆ ಸೇರಿಸುವ ಸಣ್ಣಪುಟ್ಟ ಕೆಲಸ.

ಇದು ನನ್ನ ಊಹೆ ಏನಲ್ಲ. ಇನ್‌ಸ್ಟಾಗ್ರಾಮ್‌ನವರು 2021ರಲ್ಲಿ ತಮ್ಮ ಸರ್ಚ್ ಹೇಗೆ ಕೆಲಸ ಮಾಡುತ್ತದೆ ಅಂತ ತಾವೇ ಬರೆದಿದ್ದರು. ನೀವು ಟೈಪ್ ಮಾಡಿದ್ದನ್ನು ಖಾತೆಯ ಹೆಸರು, ಬಯೊ (ಖಾತೆಯ ಕಿರುಪರಿಚಯ), ಕ್ಯಾಪ್ಷನ್ (ಪೋಸ್ಟಿನ ಜೊತೆ ಟೈಪ್ ಮಾಡುವ ಬರಹ), ಹ್ಯಾಶ್‌ಟ್ಯಾಗ್, ಜಾಗ ಇವುಗಳ ಜೊತೆ ಹೊಂದಿಸಿ ನೋಡುತ್ತೇವೆ ಅಂದಿದ್ದರು. ಕೀವರ್ಡ್ (ಜನ ಹುಡುಕುವ ಮುಖ್ಯ ಪದ) ಮತ್ತು ಹ್ಯಾಶ್‌ಟ್ಯಾಗನ್ನು ಕಾಮೆಂಟಿನಲ್ಲಿ ಹಾಕಬೇಡಿ, ಕ್ಯಾಪ್ಷನ್‌ನಲ್ಲೇ ಹಾಕಿ ಅಂತಲೂ ಸ್ಪಷ್ಟವಾಗಿ ಹೇಳಿದ್ದರು. ಇವತ್ತಿಗೂ ಎಷ್ಟೋ ಜನ ಕ್ಯಾಪ್ಷನ್ ಚೊಕ್ಕಟವಾಗಿ ಕಾಣಲಿ ಅಂತ ಎಲ್ಲವನ್ನೂ ಮೊದಲ ಕಾಮೆಂಟಿಗೆ ತಳ್ಳುತ್ತಾರೆ. ಹುಡುಕಿದಾಗ ಸಿಗಬೇಕು ಅಂದರೆ ಅದು ಬೇಡ.

ಹಾಗಾಗಿ ಮೊದಲ ಸಾಲು ಹೀಗೆ ಬರೆಯಿರಿ: "ಹೊಲಿಗೆ ಮೆಷಿನ್‌ನಲ್ಲಿ ದಾರ ಪದೇ ಪದೇ ಕಟ್ ಆಗುತ್ತಿದೆಯಾ? ಮೊದಲು ಈ ಮೂರು ಜಾಗ ನೋಡಿ." ನಿಮ್ಮ ಸಿಟ್ಟಿನ ದಾರದ ಸಾಲು ಎರಡನೆಯದಾಗಿ ಬರಲಿ, ಅದನ್ನು ತೆಗೆಯುವುದೇನೂ ಬೇಡ. ಆಮೇಲೆ ಫೋಟೊ ಮೇಲೆ ಬರೆದಿರುವ ವಿವರವನ್ನೆಲ್ಲ ಕ್ಯಾಪ್ಷನ್‌ನಲ್ಲೂ ಟೈಪ್ ಮಾಡಿ. ಸೂಜಿ ಉಲ್ಟಾ ಕೂತಿದೆಯಾ, ಟೆನ್ಷನ್ (ದಾರದ ಬಿಗಿ) ಜಾಸ್ತಿ ಆಗಿದೆಯಾ, ದಾರ ಪೋಣಿಸುವಾಗ ಪ್ರೆಸರ್ ಫೂಟ್ (ಬಟ್ಟೆ ಒತ್ತಿ ಹಿಡಿಯುವ ಪಾದ) ಮೇಲೆ ಎತ್ತಿದ್ದಿರಾ, ಎಲ್ಲ. ಚಿತ್ರದೊಳಗಿನ ಅಕ್ಷರ ಓದುವ ತಂತ್ರ ಈ ಕಂಪನಿಗಳ ಹತ್ತಿರ ಇದೆ, ಫೇಸ್‌ಬುಕ್ 2018ರಲ್ಲೇ ರೊಸೆಟ್ಟಾ ಅನ್ನುವ ವ್ಯವಸ್ಥೆ ತೋರಿಸಿತ್ತು. ಆದರೆ ನೀವು ಬಣ್ಣದ ಬಟ್ಟೆಯ ಮೇಲೆ ವಾಲಿಸಿ ಬರೆದ ಕನ್ನಡ ಅಕ್ಷರವನ್ನು ಅದು ಸರಿಯಾಗಿ ಓದಿ ಸರ್ಚ್‌ಗೆ ಸೇರಿಸುತ್ತದೆ ಅಂತ ನಂಬಿ ಕೂರುವುದು ಬೇಡ. ಟೈಪ್ ಮಾಡಿದರೆ ಆ ಅನುಮಾನವೇ ಇರುವುದಿಲ್ಲ.

ಜನ ಏನು ಟೈಪ್ ಮಾಡುತ್ತಾರೆ ಅಂತ ತಿಳಿಯುವುದು ಹೇಗೆ? ಎರಡು ಜಾಗ ಇವೆ. ಒಂದು, ಸರ್ಚ್ ಪೆಟ್ಟಿಗೆಯೇ. ಯೂಟ್ಯೂಬ್‌ನಲ್ಲೋ ಗೂಗಲ್‌ನಲ್ಲೋ "ಹೊಲಿಗೆ ಮೆಷಿನ್" ಅಂತ ಬರೆದು ನಿಲ್ಲಿಸಿ. ಕೆಳಗೆ ಪಟ್ಟಿ ಇಳಿಯುತ್ತದೆ. ಅದು ಜನ ನಿಜವಾಗಿ ಹುಡುಕಿದ ಮಾತುಗಳಿಂದ ಬರುವ ಪಟ್ಟಿ. ನಿಮ್ಮ ಹಳೆಯ ಹುಡುಕಾಟ ಅದರಲ್ಲಿ ಸೇರಿಕೊಳ್ಳದ ಹಾಗೆ ಲಾಗಿನ್ ಆಗದೆ, ಖಾಸಗಿ ಕಿಟಕಿಯಲ್ಲಿ ನೋಡಿ.

ಇನ್ನೊಂದು ಜಾಗ ನಿಮ್ಮದೇ ಕಾಮೆಂಟುಗಳು. ನನಗೆ ಇದೇ ಹೆಚ್ಚು ಬೆಲೆಯದು ಅನಿಸುತ್ತದೆ. "ಕೆಳಗಡೆ ದಾರ ಗಂಟು ಗಂಟು ಬೀಳುತ್ತೆ ಅಕ್ಕ" ಅಂತ ಒಬ್ಬರು ಬರೆದಿರುತ್ತಾರೆ. ಅದನ್ನು ನೀವು "ಬಾಬಿನ್ ಕಡೆಯ ಲೂಪಿಂಗ್" ಅಂತ ಕರೆಯುತ್ತೀರಿ. ಹೊಲಿಗೆ ಗೊತ್ತಿದ್ದವರ ಮಾತು ಒಂದು, ತೊಂದರೆಯಲ್ಲಿ ಇರುವವರ ಮಾತು ಇನ್ನೊಂದು. ಎರಡನ್ನೂ ಬಳಸಿ. ಕೆಳಗೆ ಗಂಟು ಬೀಳುವುದಕ್ಕೆ ಎಷ್ಟೋ ಸಲ ಕಾರಣ ಮೇಲಿನ ದಾರ ಟೆನ್ಷನ್ ಡಿಸ್ಕ್‌ಗಳ ನಡುವೆ ಕೂರದೆ ಇರುವುದು, ಅಲ್ವಾ? ಆದರೆ ಆ ಕಾರಣ ಗೊತ್ತಿದ್ದವರು ಹುಡುಕುವುದೇ ಇಲ್ಲ. ಹುಡುಕುವವರಿಗೆ ಕಣ್ಣಿಗೆ ಕಾಣುವುದು ಗಂಟು. ಅವರು ಗಂಟು ಅಂತಲೇ ಬರೆಯುತ್ತಾರೆ. ಪೋಸ್ಟ್ ಶುರುವಾಗಬೇಕಾದದ್ದು ಅಲ್ಲಿಂದ, ಕಾರಣ ಆಮೇಲೆ ಬರಲಿ.

ಮೆಷಿನ್‌ನ ಮಾಡೆಲ್ ನಂಬರ್ ಇದ್ದರೆ ಅದನ್ನೂ ತಪ್ಪದೆ ಬರೆಯಿರಿ, ಅದರ ಮೇಲೆ ಹೇಗೆ ಅಚ್ಚಾಗಿದೆಯೋ ಹಾಗೇ. ಪರದೆ ಇರುವ ಮೆಷಿನ್ ಆದರೆ ಅದರಲ್ಲಿ ಬರುವ ಎರರ್ ಕೋಡ್ ಕೂಡ. ಕೆಟ್ಟು ನಿಂತ ಯಂತ್ರದ ಮುಂದೆ ಕೂತವರು ಮೊದಲು ನೋಡಿ ಟೈಪ್ ಮಾಡುವುದು ಅದನ್ನೇ. ಅಂಥ ಹುಡುಕಾಟ ಕಡಿಮೆ ಜನ ಮಾಡಬಹುದು, ಆದರೆ ಮಾಡಿದವರಿಗೆ ಬೇಕಾದದ್ದು ಸರಿಯಾಗಿ ಅದೇ ಪೋಸ್ಟ್.

ಈಗ ಹ್ಯಾಶ್‌ಟ್ಯಾಗ್. ಅಮೆರಿಕದ ತಂತ್ರಜ್ಞ ಕ್ರಿಸ್ ಮೆಸಿನಾ 2007ರ ಆಗಸ್ಟಿನಲ್ಲಿ ಟ್ವಿಟರ್‌ನಲ್ಲಿ # ಬಳಸೋಣ ಅಂತ ಸೂಚಿಸಿದಾಗ ಒಂದೇ ವಿಷಯದ ಮಾತುಗಳನ್ನು ಒಂದು ಕಡೆ ಸೇರಿಸುವುದು ಅದರ ಉದ್ದೇಶವಾಗಿತ್ತು. ಈಗಲೂ ಅದರ ಕೆಲಸ ಅಷ್ಟೇ. #ವೈರಲ್ ಅಂತ ಹಾಕಿದರೆ ನಿಮ್ಮ ಪೋಸ್ಟ್ ಯಾವ ಗುಂಪಿಗೆ ಸೇರಿತು? ಲೋಕದ ಎಲ್ಲ ವಿಷಯವೂ ಇರುವ ಗುಂಪಿಗೆ. ದಾರ ತುಂಡಾದವರು ಯಾರೂ ಆ ಗುಂಪಿನಲ್ಲಿ ಉತ್ತರ ಹುಡುಕುವುದಿಲ್ಲ. ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಮ್ ಮೊಸ್ಸೆರಿ ಕೂಡ ಹ್ಯಾಶ್‌ಟ್ಯಾಗ್‌ನಿಂದ ಪೋಸ್ಟ್ ತಲುಪುವ ಜನರ ಸಂಖ್ಯೆ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ ಅಂತ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದಾರೆ. 2024ರ ಡಿಸೆಂಬರಿನಲ್ಲಿ ಅಲ್ಲಿ ಹ್ಯಾಶ್‌ಟ್ಯಾಗ್ ಫಾಲೊ ಮಾಡುವ ಸೌಲಭ್ಯವನ್ನೇ ತೆಗೆದುಹಾಕಿದರು. ಮೂರೋ ನಾಲ್ಕೋ ಹಾಕಿ, ಸಾಕು. #ಹೊಲಿಗೆಮೆಷಿನ್‌ರಿಪೇರಿ ಥರದ್ದು. ಹಾಕಿದ ಮೇಲೆ ಅದನ್ನು ಒಮ್ಮೆ ಒತ್ತಿ ನೋಡಿ, ಇಡೀ ಪದ ಲಿಂಕ್ ಆಗಿದೆಯಾ ಅಥವಾ ಮಧ್ಯದಲ್ಲಿ ತುಂಡಾಗಿದೆಯಾ ಅಂತ.

ಅಕ್ಕರದಂಗಡಿ

ಚುಕ್ಕಿಗೆರೆ ಹೇಳಿದ್ದು ಸರಿ. ಅದಕ್ಕೆ ಒಂದು ವಿಷಯ ಸೇರಿಸಬೇಕು, ಯಾಕೆಂದರೆ ಕನ್ನಡದಲ್ಲಿ ಬರೆಯುವವರಿಗೆ ಇದು ದೊಡ್ಡ ತೊಡಕು. ನಮ್ಮ ಕಣ್ಣಿಗೆ ಒಂದೇ ಥರ ಕಾಣುವ ಪದ ಕಂಪ್ಯೂಟರಿಗೆ ಬೇರೆ ಬೇರೆ ಆಗಿರಬಹುದು.

ಬಹಳ ಸಾಮಾನ್ಯವಾದ ಉದಾಹರಣೆ ಕೊಡುತ್ತೇನೆ. "ಯಂತ್ರ" ಮತ್ತು "ಯ೦ತ್ರ". ವ್ಯತ್ಯಾಸ ಕಾಣುತ್ತಿದೆಯಾ? ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಅಂಕಿ ಸೊನ್ನೆ. ಕೆಲವು ಕೀಬೋರ್ಡ್‌ಗಳಲ್ಲಿ ಸೊನ್ನೆ ಬೇಗ ಕೈಗೆ ಸಿಗುತ್ತದೆ ಅಂತ ಅದನ್ನೇ ಒತ್ತಿ ಅಭ್ಯಾಸ ಆದವರಿದ್ದಾರೆ. ಓದುವವರಿಗೆ ಏನೂ ತೊಂದರೆ ಇಲ್ಲ. ಆದರೆ ಸರ್ಚ್‌ಗೆ ಅದು ಬೇರೆಯೇ ಪದ, ನಡುವೆ ಅಂಕಿ ಇರುವ ಪದ. "ಹೊಲಿಗೆ ಯಂತ್ರ" ಅಂತ ಹುಡುಕಿದವರಿಗೆ ಅದು ಸಿಗದೇ ಹೋಗಬಹುದು.

ಹಾಗೇ "ಮೆಷಿನ್‌ನಲ್ಲಿ", "ಮೆಷಿನ್ನಲ್ಲಿ", "ಮೆಷಿನ್ ನಲ್ಲಿ", "ಮಷೀನಿನಲ್ಲಿ", "ಮಿಷನ್‌ನಲ್ಲಿ". ಎಲ್ಲವನ್ನೂ ಜನ ಬರೆಯುತ್ತಾರೆ. ಮೊದಲನೆಯದರಲ್ಲಿ ಅಕ್ಷರ ಒತ್ತಾಗದ ಹಾಗೆ ತಡೆಯಲು ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ, ಅಗಲವೇ ಇಲ್ಲದ ಒಂದು ತಡೆ. ಕೆಲವು ಸರ್ಚ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕೆಲವು ತೆಗೆದುಕೊಳ್ಳುತ್ತವೆ. ಇದನ್ನು ನಾವು ಸರಿ ಮಾಡಲು ಆಗುವುದಿಲ್ಲ. ಮಾಡಬಹುದಾದದ್ದು ಏನೆಂದರೆ, ಮುಖ್ಯ ಪದವನ್ನು ಒಂದು ಸಲವಾದರೂ ಪ್ರತ್ಯಯ ಸೇರಿಸದೆ ಬರೆಯುವುದು. "ಹೊಲಿಗೆ ಮೆಷಿನ್ ದಾರ" ಅಂತ ಬಿಡಿ ಬಿಡಿಯಾಗಿ. ನಮ್ಮ ಭಾಷೆಯಲ್ಲಿ ದಾರ ಅನ್ನುವುದು ದಾರಕ್ಕೆ, ದಾರದಿಂದ, ದಾರವನ್ನು, ದಾರವೂ ಅಂತ ರೂಪ ಬದಲಿಸುತ್ತಲೇ ಇರುತ್ತದೆ. ಗೂಗಲ್‌ನಂಥ ದೊಡ್ಡ ಸರ್ಚ್ ಇದನ್ನು ಸ್ವಲ್ಪ ಮಟ್ಟಿಗೆ ನಿಭಾಯಿಸುತ್ತದೆ. ಸೋಷಿಯಲ್ ಮೀಡಿಯಾ ಒಳಗಿನ ಸರ್ಚ್‌ನಿಂದ ಅಷ್ಟನ್ನು ನಿರೀಕ್ಷೆ ಮಾಡಬೇಡಿ.

ಇನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿ ಹುಡುಕುವವರ ಸಂಖ್ಯೆ ಸಣ್ಣದಲ್ಲ. ಕ್ಯಾಪ್ಷನ್ ಕೊನೆಯಲ್ಲಿ ಒಂದು ಸಾಲು ಇಂಗ್ಲಿಷ್ ಅಕ್ಷರದ ಕನ್ನಡದಲ್ಲೂ, ಇನ್ನೊಂದು ಸಾಲು ನೇರ ಇಂಗ್ಲಿಷಿನಲ್ಲೂ ಬರೆದುಬಿಡಿ. ನೋಡಲು ಸ್ವಲ್ಪ ಉದ್ದ ಆಗುತ್ತದೆ, ಆದರೆ ಉಪಯೋಗ ಇದೆ. ಪೂರ್ತಿ ವಾಕ್ಯವಾಗಿಯೇ ಬರೆಯಿರಿ, ಸುಮ್ನೆ ಪದಗಳ ಗುಡ್ಡೆ ಹಾಕಬೇಡಿ.

ಅಲಂಕಾರದ ಅಕ್ಷರಗಳ ಬಗ್ಗೆ ಒಂದು ಮಾತು. ಖಾತೆಯ ಹೆಸರನ್ನು ಓರೆಯಾದ, ದಪ್ಪನೆಯ, ಬಳ್ಳಿ ಬಳ್ಳಿಯಾದ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುವ ಆಪ್‌ಗಳಿವೆ. ಅವು ಕೊಡುವುದು ಫಾಂಟ್ ಅಲ್ಲವೇ ಅಲ್ಲ. ಬಹುಪಾಲು ಅವು ಗಣಿತದ ಸೂತ್ರಗಳಿಗಾಗಿ ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಕೇತ ಕೊಡುವ ಪದ್ಧತಿ) ಇಟ್ಟಿರುವ ಬೇರೆಯದೇ ಸಂಕೇತಗಳು. ಅಂಥ ಹೆಸರನ್ನು ಮಾಮೂಲಿ ಅಕ್ಷರ ಟೈಪ್ ಮಾಡಿ ಹುಡುಕಿದರೆ ಸಿಗುತ್ತದೆ ಅಂತ ಭರವಸೆ ಇಲ್ಲ. ಜೊತೆಗೆ ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಅದನ್ನು ಒಂದೊಂದೇ ಸಂಕೇತವಾಗಿ ಓದುತ್ತದೆ, ಇಲ್ಲವೇ ಬಿಟ್ಟೇ ಬಿಡುತ್ತದೆ. ಕೇಳುವವರಿಗೆ ಅದು ಹಿಂಸೆ. ದಯವಿಟ್ಟು ಬಳಸಬೇಡಿ.

ಕನ್ನಡದಲ್ಲೂ ಇದರ ಅಣ್ಣ ಒಬ್ಬ ಇದ್ದಾನೆ, ಹಳೆಯ ಯೂನಿಕೋಡ್ ಅಲ್ಲದ ಫಾಂಟು. ಆ ಫಾಂಟಿನಲ್ಲಿ ಟೈಪ್ ಮಾಡಿ ಇಟ್ಟಿದ್ದ ಬರಹವನ್ನು ನೇರವಾಗಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಬರುತ್ತದೆ. ಅದಕ್ಕೇ ಕೆಲವರು ಅದನ್ನು ಫೋಟೊ ಮಾಡಿ ಹಾಕುತ್ತಾರೆ. ಹಾಗೆ ಮಾಡುವ ಬದಲು ಯೂನಿಕೋಡ್‌ಗೆ ಪರಿವರ್ತಿಸಿ ಹಾಕಿ, ಅದಕ್ಕೆ ಉಚಿತ ಪರಿವರ್ತಕಗಳಿವೆ. ಪರಿವರ್ತನೆ ಆದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಇವೆಯಾ ಅಂತ ಒಮ್ಮೆ ಓದಿ ನೋಡಿ.

ನಿಧಾನಗತಿ

ನನಗೆ ಇದರಲ್ಲಿ ಒಂದು ಆತಂಕ. ಈ ಸಲಹೆ ಎಲ್ಲ ಓದಿ ಎಷ್ಟೋ ಜನ ಕ್ಯಾಪ್ಷನ್ ಅನ್ನು ಹಾಳು ಮಾಡಿಬಿಡುತ್ತಾರೆ. "ಹೊಲಿಗೆ ಮೆಷಿನ್ ರಿಪೇರಿ ಹೊಲಿಗೆ ಮೆಷಿನ್ ದಾರ ಹೊಲಿಗೆ ಮೆಷಿನ್ ಟಿಪ್ಸ್" ಅಂತ ಒಂದೇ ಮಾತನ್ನು ತುರುಕಿರುವ ಪೋಸ್ಟ್ ನೋಡಿದರೆ ನಾನು ಓದುವುದೇ ಇಲ್ಲ. ಬಂದವರು ಓದದೆ ಹಿಂದೆ ಹೋದರೆ ಸಿಕ್ಕಿ ಏನು ಪ್ರಯೋಜನ? ಒಂದು ಮಾತು ಒಂದೆರಡು ಸಲ ಸಹಜವಾಗಿ ಬಂದರೆ ಸಾಕು. ಒಳ್ಳೆಯ ವಿವರಣೆ ಬರೆದರೆ ಬೇಕಾದ ಪದಗಳು ತಾವಾಗಿಯೇ ಬಂದಿರುತ್ತವೆ, ಅವನ್ನು ಹೊರಗಿಂದ ತರಬೇಕಾಗಿಲ್ಲ.

ಇನ್ನೊಂದು ವಿಷಯವೂ ಇದೆ. ಹುಡುಕಿದರೆ ಸಿಗಬೇಕಾದದ್ದು ನಿಮ್ಮ ಉತ್ತರ. ನಿಮ್ಮ ಬದುಕಿನ ಎಲ್ಲವೂ ಸಿಗಬೇಕಾಗಿಲ್ಲ. ರಿಪೇರಿಗೆ ಬಂದ ಮೆಷಿನ್‌ನ ಫೋಟೊದಲ್ಲಿ ಯಾರದೋ ಬಿಲ್ಲು, ಫೋನ್ ನಂಬರು, ಮಕ್ಕಳ ಮುಖ ಇದೆಯಾ ನೋಡಿಕೊಳ್ಳಿ. ಖಾತೆ ಎಲ್ಲರಿಗೂ ಕಾಣುವಂತೆ ಮಾಡುವ ಮೊದಲು ಹಳೆಯ ಪೋಸ್ಟುಗಳನ್ನು ಒಮ್ಮೆ ಸಾವಧಾನವಾಗಿ ನೋಡಿ. ಸಾಧ್ಯವಾದರೆ ರಿಪೇರಿಗೆ ಒಂದು ಖಾತೆ, ಮನೆಯವರ ಫೋಟೊಗಳಿಗೆ ಇನ್ನೊಂದು. ಈ ಮಾತನ್ನು ಯಾರೂ ಮೊದಲು ಹೇಳುವುದಿಲ್ಲ, ಅದಕ್ಕೇ ಹೇಳಿದೆ.

ಸೂಜಿಮೊನೆ

ಎಲ್ಲರಿಗೂ ತುಂಬಾ ಧನ್ಯವಾದ. ಕಾಮೆಂಟುಗಳನ್ನು ಮತ್ತೆ ಓದಿದೆ. ಚುಕ್ಕಿಗೆರೆ ಹೇಳಿದ ಹಾಗೇ ಇದೆ, ಒಬ್ಬರೂ "ಲೂಪಿಂಗ್" ಅಂದಿಲ್ಲ. ಗಂಟು, ಗುಂಜು, ಸಿಕ್ಕು, ಗೂಡು ಅಂತೆಲ್ಲ ಬರೆದಿದ್ದಾರೆ. ಹೊಲಿಗೆ ಬಿಟ್ಟು ಬಿಟ್ಟು ಬೀಳುವುದಕ್ಕೆ "ಟಾಕಾ ಹಾರುತ್ತೆ" ಅಂತ ಒಬ್ಬರು ಬರೆದಿದ್ದಾರೆ, ಎಷ್ಟು ಸರಿಯಾದ ಮಾತು!

ಹೊಸದಾಗಿ ಬರೆದದ್ದು ಇದು: "ಹೊಲಿಗೆ ಮೆಷಿನ್ ಟಾಕಾ ಹಾರಿಸುತ್ತಿದೆಯಾ, ಅಲ್ಲಲ್ಲಿ ಹೊಲಿಗೆ ಬಿಟ್ಟು ಹೋಗುತ್ತಿದೆಯಾ? ಮೊದಲು ಸೂಜಿ ಬದಲಿಸಿ. ಮೊಂಡಾದ ಅಥವಾ ಸ್ವಲ್ಪ ಬಾಗಿದ ಸೂಜಿ ಕಣ್ಣಿಗೆ ಸರಿಯಾಗೇ ಕಾಣುತ್ತದೆ, ಆದರೆ ಕೆಳಗಿನ ಹುಕ್ ದಾರವನ್ನು ಹಿಡಿಯಲು ಆಗುವುದಿಲ್ಲ. ಟೀ ಶರ್ಟ್ ಥರ ಎಳೆದರೆ ಹಿಗ್ಗುವ ಬಟ್ಟೆಗೆ ಬಾಲ್ ಪಾಯಿಂಟ್ ಸೂಜಿ ಹಾಕಿ." ಇದು ಸರಿ ಇದೆಯಾ?

ಇನ್ನು ಎರಡು ಪ್ರಶ್ನೆ. ವಿಡಿಯೊದಲ್ಲಿ ನಾನು ಬಾಯಲ್ಲೇ ಎಲ್ಲ ಹೇಳುತ್ತೇನೆ, ಅದಕ್ಕೆ ಏನು ಮಾಡಬೇಕು? ಮತ್ತೆ ಇವೆಲ್ಲ ಗೂಗಲ್‌ನಲ್ಲೂ ಬರುತ್ತವಾ, ಅಥವಾ ಆಯಾ ಆಪ್ ಒಳಗೆ ಮಾತ್ರವಾ?

ಚುಕ್ಕಿಗೆರೆ

ಬಹಳ ಚೆನ್ನಾಗಿದೆ. ಕೊನೆಗೆ ಸೂಜಿಯ ಅಳತೆ ಕೂಡ ಬರೆಯಿರಿ, 75/11, 90/14 ಅಂತ. ಪ್ಯಾಕೆಟ್ ಮೇಲೆ ಅದೇ ಅಚ್ಚಾಗಿರುವುದರಿಂದ ಹುಡುಕುವವರೂ ಅದನ್ನೇ ಬರೆಯುತ್ತಾರೆ.

ಖಾತೆಯ ಹೆಸರಿನ ಬಗ್ಗೆ ಹೇಳುವುದು ಬಿಟ್ಟುಹೋಗಿತ್ತು. ಇನ್‌ಸ್ಟಾಗ್ರಾಮ್‌ನಲ್ಲಿ ಬಳಕೆದಾರ ಹೆಸರು ಬೇರೆ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಕಾಣುವ ಹೆಸರು ಬೇರೆ. ಈ ಎರಡನೆಯದೂ ಸರ್ಚ್‌ಗೆ ಸಿಗುತ್ತದೆ. ಅಲ್ಲಿ "ಸೂಜಿಮೊನೆ" ಅಂತ ಮಾತ್ರ ಇದ್ದರೆ ನಿಮ್ಮನ್ನು ಬಲ್ಲವರಿಗೆ ಮಾತ್ರ ಸಿಗುತ್ತೀರಿ. "ಸೂಜಿಮೊನೆ, ಹೊಲಿಗೆ ಮೆಷಿನ್ ರಿಪೇರಿ" ಅಂತ ಮಾಡಿ. ಬಯೊದಲ್ಲೂ ಏನು ಕಲಿಸುತ್ತೀರಿ ಅಂತ ನೇರವಾಗಿ ಬರೆಯಿರಿ. ಇದು ಒಮ್ಮೆ ಮಾಡಿದರೆ ಆಯಿತು, ಇಷ್ಟು ಕಡಿಮೆ ಕೆಲಸಕ್ಕೆ ಇಷ್ಟು ಲಾಭ ಬೇರೆ ಎಲ್ಲೂ ಇಲ್ಲ.

ವಿಡಿಯೊ ಮತ್ತು ಗೂಗಲ್ ಬಗ್ಗೆ ನನಗಿಂತ ಚೆನ್ನಾಗಿ ತಿಳಿದವರು ಇಲ್ಲಿದ್ದಾರೆ, ಅವರೇ ಹೇಳಲಿ.

ದೂರದರ್ಶಕ

ವಿಡಿಯೊ ಬಗ್ಗೆ ನಾನು ಹೇಳುತ್ತೇನೆ, ಇದೇ ನನ್ನ ದಿನನಿತ್ಯದ ಕೆಲಸ.

ಯೂಟ್ಯೂಬ್‌ನಲ್ಲಿ ಶೀರ್ಷಿಕೆಗೆ 100 ಅಕ್ಷರದ ಮಿತಿ ಇದೆ, ಆದರೆ ಫೋನ್ ಪರದೆಯಲ್ಲಿ ಅಷ್ಟೂ ಕಾಣುವುದಿಲ್ಲ. ತೊಂದರೆಯ ಹೆಸರು ಮೊದಲೇ ಬರಲಿ, ನಿಮ್ಮ ಚಾನೆಲ್ ಹೆಸರು, ಭಾಗ ಎಷ್ಟು ಅನ್ನುವುದೆಲ್ಲ ಕೊನೆಗೆ. ವಿವರಣೆಗೆ 5000 ಅಕ್ಷರದ ತನಕ ಜಾಗ ಕೊಟ್ಟಿದ್ದಾರೆ. ಬಹಳ ಜನ ಅಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತಾರೆ, ಇಲ್ಲವೇ ಪ್ರತಿ ವಿಡಿಯೊಗೂ ಒಂದೇ ಬರಹ ಅಂಟಿಸುತ್ತಾರೆ. ನೀವು ಬಾಯಲ್ಲಿ ಹೇಳಿದ್ದರ ಸಾರವನ್ನು ಅಲ್ಲಿ ಎರಡು ಮೂರು ಪ್ಯಾರಾ ಬರೆಯಿರಿ. ಮೊದಲ ಎರಡು ಸಾಲಿನಲ್ಲೇ ಇದು ಯಾವ ತೊಂದರೆಗೆ ಅಂತ ಗೊತ್ತಾಗಬೇಕು.

ಟ್ಯಾಗ್ ಅಂತ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅದರ ಹಿಂದೆ ಬಿದ್ದು ಸಮಯ ಕಳೆಯಬೇಡಿ. ಹುಡುಕಾಟದಲ್ಲಿ ಅದರ ಪಾತ್ರ ಬಹಳ ಕಡಿಮೆ ಅಂತ ಯೂಟ್ಯೂಬ್‌ನ ಸಹಾಯ ಪುಟವೇ ಹೇಳುತ್ತದೆ, ಜನ ಸಾಮಾನ್ಯವಾಗಿ ತಪ್ಪು ಕಾಗುಣಿತದಲ್ಲಿ ಬರೆಯುವ ಪದ ಇದ್ದರೆ ಅದು ಉಪಯೋಗಕ್ಕೆ ಬರುತ್ತದೆ ಅಷ್ಟೇ. ಅಂದರೆ ಅಕ್ಕರದಂಗಡಿ ಹೇಳಿದ ಮೆಷಿನ್, ಮಷೀನ್, ಮಿಷನ್ ಇವಕ್ಕೆಲ್ಲ ಅದು ಸರಿಯಾದ ಜಾಗ. ಇನ್ನು ಹ್ಯಾಶ್‌ಟ್ಯಾಗ್ 60ಕ್ಕಿಂತ ಜಾಸ್ತಿ ಆದರೆ ಯೂಟ್ಯೂಬ್ ಆ ವಿಡಿಯೊದ ಒಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಿಮ್ಮಂಥ ವಿಡಿಯೊಗೆ ನಿಜವಾಗಿ ಬೇಕಾದದ್ದು ಚಾಪ್ಟರ್. ಹತ್ತು ನಿಮಿಷದ ವಿಡಿಯೊದಲ್ಲಿ ಬಾಬಿನ್ ಭಾಗ ಎಲ್ಲಿದೆ ಅಂತ ಯಾರು ಹುಡುಕಿಕೊಂಡು ಕೂರುತ್ತಾರೆ? ವಿವರಣೆಯಲ್ಲಿ 0:00 ಇಂದ ಶುರು ಮಾಡಿ ಸಮಯ, ಅದರ ಪಕ್ಕ ಭಾಗದ ಹೆಸರು ಬರೆಯಿರಿ. ಕನಿಷ್ಠ ಮೂರು ಇರಬೇಕು, ಸಮಯದ ಕ್ರಮದಲ್ಲೇ ಇರಬೇಕು, ಪ್ರತಿ ಭಾಗವೂ ಕನಿಷ್ಠ 10 ಸೆಕೆಂಡ್ ಇರಬೇಕು. ಇಷ್ಟಾದರೆ ವಿಡಿಯೊ ತಾನಾಗಿ ಭಾಗಗಳಾಗಿ ಒಡೆಯುತ್ತದೆ. ಗೂಗಲ್ ಹುಡುಕಾಟದಲ್ಲೂ ಕೆಲವೊಮ್ಮೆ ನೇರವಾಗಿ ಆ ಭಾಗಕ್ಕೇ ಕರೆದುಕೊಂಡು ಹೋಗುವ ಲಿಂಕ್ ಕಾಣುತ್ತದೆ. ಭಾಗಕ್ಕೆ "ಮುಂದಿನ ಹಂತ" ಅಂತ ಹೆಸರಿಡಬೇಡಿ. "ಬಾಬಿನ್ ಕೇಸ್ ಹೊರಗೆ ತೆಗೆಯುವುದು" ಅಂತ ಇಡಿ.

ಸಬ್‌ಟೈಟಲ್ ನೀವೇ ಟೈಪ್ ಮಾಡಿ ಸೇರಿಸಿ. ಯಂತ್ರ ತಾನಾಗಿ ಬರೆಯುವ ಸಬ್‌ಟೈಟಲ್‌ನಲ್ಲಿ ಬಾಬಿನ್, ಟೆನ್ಷನ್, ಶಟಲ್ ಥರದ ಪದಗಳೇ ಕೆಡುವುದು, ನಿಮಗೆ ಬೇಕಾದದ್ದೂ ಅವೇ. ಕಿವಿ ಕೇಳದವರಿಗೂ ಅನುಕೂಲ, ಗದ್ದಲದಲ್ಲಿ ಸದ್ದು ಆರಿಸಿ ನೋಡುವವರಿಗೂ ಅನುಕೂಲ. ಮಾತಾಡುವಾಗಲೂ "ಇದನ್ನು ಹೀಗೆ ತಿರುಗಿಸಿ, ಅದನ್ನು ಹೀಗೆ ಎಳೆಯಿರಿ" ಅನ್ನದೆ "ಟೆನ್ಷನ್ ತಿರುಪನ್ನು ಸ್ವಲ್ಪ ಸಡಿಲ ಮಾಡಿ" ಅಂತ ಹೆಸರು ಹೇಳಿ.

ಗೂಗಲ್ ವಿಷಯ. ಯೂಟ್ಯೂಬ್ ವಿಡಿಯೊ ಎಲ್ಲರಿಗೂ ಕಾಣುವಂತೆ ಇದ್ದರೆ ಗೂಗಲ್‌ನಲ್ಲಿ ಬರಬಹುದು. ಇನ್‌ಸ್ಟಾಗ್ರಾಮ್ ಮೊದಲು ಹೊರಗಿನ ಸರ್ಚ್‌ಗೆ ಹೆಚ್ಚಾಗಿ ಮುಚ್ಚಿದ ಬಾಗಿಲೇ ಆಗಿತ್ತು. 2025ರ ಜುಲೈ 10ರಿಂದ ಪ್ರೊಫೆಷನಲ್ ಖಾತೆಗಳ (ವ್ಯಾಪಾರಿಗಳು, ಕ್ರಿಯೇಟರ್‌ಗಳು ಬಳಸುವ ಬಗೆಯ ಖಾತೆ) ಸಾರ್ವಜನಿಕ ಫೋಟೊ, ವಿಡಿಯೊಗಳನ್ನು ಗೂಗಲ್ ಮುಂತಾದ ಸರ್ಚ್‌ಗಳು ತೋರಿಸಲು ಅವಕಾಶ ಕೊಟ್ಟಿದ್ದಾರೆ. ಖಾತೆಯವರಿಗೆ 18 ತುಂಬಿರಬೇಕು. ಬೇಡ ಅನ್ನುವವರು ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಬಹುದು. ನಿಮ್ಮದು ಸಾಮಾನ್ಯ ಖಾತೆ ಆಗಿದ್ದರೆ ಪ್ರೊಫೆಷನಲ್‌ಗೆ ಬದಲಿಸಿ, ಅದು ಉಚಿತ. ನಿಧಾನಗತಿ ಹೇಳಿದ ಎಚ್ಚರಿಕೆಯನ್ನು ಬದಲಿಸುವ ಮೊದಲೇ ಪಾಲಿಸಿ.

ಫೇಸ್‌ಬುಕ್‌ನಲ್ಲಿ ಸ್ನೇಹಿತರಿಗೆ ಮಾತ್ರ ಅಂತ ಹಾಕಿದ ಪೋಸ್ಟ್, ಖಾಸಗಿ ಗುಂಪಿನಲ್ಲಿ ಹಾಕಿದ ಪೋಸ್ಟ್ ಹೊರಗಿನವರಿಗೆ ಸಿಗುವುದಿಲ್ಲ. ಸ್ಟೋರಿ 24 ಗಂಟೆಗೆ ಹೋಗಿಬಿಡುತ್ತದೆ. ಉಪಯುಕ್ತ ಉತ್ತರವನ್ನು ಸ್ಟೋರಿಯಲ್ಲಿ ಮಾತ್ರ ಹೇಳಿ ಬಿಡಬೇಡಿ, ನನಗೆ ನೋಡಿದಾಗಲೆಲ್ಲ ಬೇಸರ ಆಗುತ್ತದೆ, ಅಷ್ಟು ಒಳ್ಳೆಯ ವಿಷಯ ಒಂದೇ ದಿನಕ್ಕೆ ಇಲ್ಲವಾಗುತ್ತದೆ. ಮಾಸ್ಟೊಡಾನ್ (ಟ್ವಿಟರ್ ಥರದ ಇನ್ನೊಂದು ಜಾಲ) ಬಳಸುವವರು ಇದ್ದರೆ, ಅಲ್ಲಿ 2023ರ ಸೆಪ್ಟೆಂಬರಿನಲ್ಲಿ ಬಂದ 4.2 ಆವೃತ್ತಿಯಿಂದ ಸಾರ್ವಜನಿಕ ಪೋಸ್ಟ್ ಹುಡುಕುವ ಸೌಲಭ್ಯ ಇದೆ, ಆದರೆ ನೀವೇ ಒಪ್ಪಿಗೆ ಕೊಟ್ಟರೆ ಮಾತ್ರ ನಿಮ್ಮ ಪೋಸ್ಟ್ ಅದರಲ್ಲಿ ಬರುತ್ತದೆ. ಅಲ್ಲಿ ಹ್ಯಾಶ್‌ಟ್ಯಾಗ್‌ಗೆ ಈಗಲೂ ಒಳ್ಳೆಯ ಬೆಲೆ ಇದೆ.

ನಿಮ್ಮದು ಗೂಗಲ್‌ಗೆ ಸೇರಿದೆಯಾ ಅಂತ ನೋಡಬೇಕಾದರೆ ಸರ್ಚ್‌ನಲ್ಲಿ ಇಂಗ್ಲಿಷಿನಲ್ಲಿ site: ಅಂತ ಬರೆದು, ಜಾಗ ಬಿಡದೆ ಆ ಪೋಸ್ಟಿನ ಅಥವಾ ವಿಡಿಯೊದ ವಿಳಾಸ ಅಂಟಿಸಿ. ಸೇರಿದ್ದರೆ ಅದು ಸಾಮಾನ್ಯವಾಗಿ ಕಾಣುತ್ತದೆ. ಈಗಷ್ಟೇ ಹಾಕಿದ್ದು ಬರಲು ಸಮಯ ಬೇಕು, ಬರಲೇಬೇಕು ಅಂತ ನಿಯಮವೂ ಇಲ್ಲ.

ಅಕ್ಕರದಂಗಡಿ

ಫೋಟೊಗಳಿಗೆ ಆಲ್ಟ್ ಟೆಕ್ಸ್ಟ್ ಬರೆಯುವುದನ್ನು ಯಾರೂ ಹೇಳಲಿಲ್ಲ. ಫೋಟೊದಲ್ಲಿ ಏನಿದೆ ಅಂತ ಅಕ್ಷರದಲ್ಲಿ ತಿಳಿಸುವ ಜಾಗ ಅದು. ಅದು ಇರುವುದು ಮುಖ್ಯವಾಗಿ ಕಣ್ಣು ಕಾಣದವರಿಗಾಗಿ, ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ 2018ರಿಂದ ಇದೆ, ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) 1000 ಅಕ್ಷರದವರೆಗೆ ಬರೆಯಬಹುದು. "ಬಾಬಿನ್ ಕೇಸ್‌ನ ಬಾಲ ಮೇಲ್ಮುಖವಾಗಿದೆ, ದಾರ ಸ್ಪ್ರಿಂಗ್ ಪಟ್ಟಿಯ ಕೆಳಗಿಂದ ಹೊರಬಂದಿದೆ" ಅಂತ ಬರೆದರೆ ನೋಡಲಾಗದವರಿಗೆ ಪೂರ್ತಿ ತಿಳಿಯುತ್ತದೆ. ಅಲ್ಲಿ ಕೀವರ್ಡ್ ತುರುಕುವವರನ್ನು ಕಂಡರೆ ನನಗೆ ನಿಜಕ್ಕೂ ಕೋಪ ಬರುತ್ತದೆ. ಅದು ಒಬ್ಬರ ಕಣ್ಣಿನ ಜಾಗದಲ್ಲಿ ನಿಲ್ಲುವ ಮಾತು, ನೋಡಿದ್ದನ್ನು ನೋಡಿದ ಹಾಗೆ ಬರೆಯಿರಿ.

ಸೂಜಿಮೊನೆ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಏನು ಹೇಳಲಿ. ಕೊನೆಯ ಪ್ರಶ್ನೆ: ಹಳೆಯ ಪೋಸ್ಟುಗಳನ್ನು ಅಳಿಸಿ ಹೊಸದಾಗಿ ಹಾಕಬೇಕಾ, ಅಥವಾ ಇದ್ದದ್ದನ್ನೇ ತಿದ್ದಬಹುದಾ?

ದೂರದರ್ಶಕ

ಅಳಿಸಬೇಡಿ. ಅದರ ಲಿಂಕನ್ನು ಯಾರಾದರೂ ಎಲ್ಲಾದರೂ ಹಂಚಿಕೊಂಡಿದ್ದರೆ ಅದು ಸತ್ತುಹೋಗುತ್ತದೆ, ಕೆಳಗಿನ ಕಾಮೆಂಟುಗಳಲ್ಲಿ ಇರುವ ಪ್ರಶ್ನೆ ಉತ್ತರವೂ ಹೋಗುತ್ತದೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಲ್ಲಿ ಕ್ಯಾಪ್ಷನ್ ತಿದ್ದಬಹುದು, ಆಲ್ಟ್ ಟೆಕ್ಸ್ಟ್ ಕೂಡ ಆಮೇಲೆ ಸೇರಿಸಬಹುದು. ಯೂಟ್ಯೂಬ್‌ನಲ್ಲಿ ಶೀರ್ಷಿಕೆ, ವಿವರಣೆ, ಚಾಪ್ಟರ್, ಸಬ್‌ಟೈಟಲ್ ಎಲ್ಲ ಯಾವಾಗ ಬೇಕಾದರೂ ಬದಲಿಸಬಹುದು. ಎಕ್ಸ್‌ನಲ್ಲಿ ಮಾತ್ರ ತಿದ್ದುವ ಅವಕಾಶ ಹಣ ಕಟ್ಟುವವರಿಗೆ, ಅದೂ ಹಾಕಿದ ಸ್ವಲ್ಪ ಹೊತ್ತಿನೊಳಗೆ. ಅಲ್ಲಿ ಹಳೆಯ ಪೋಸ್ಟಿಗೆ ನೀವೇ ಒಂದು ಉತ್ತರ ಬರೆದು ಸರಿಯಾದ ಪದಗಳನ್ನು ಅದರಲ್ಲಿ ಸೇರಿಸಿ.

ಎಲ್ಲವನ್ನೂ ಒಟ್ಟಿಗೆ ತಿದ್ದಲು ಕೂರಬೇಡಿ. ಜನ ನಿಮ್ಮನ್ನು ಯಾವುದರ ಬಗ್ಗೆ ಜಾಸ್ತಿ ಕೇಳುತ್ತಾರೋ ಅದರಿಂದ ಶುರು ಮಾಡಿ. ನಿಮ್ಮ ವಿಷಯದಲ್ಲಿ ಅದು ದಾರ ಕಟ್ ಆಗುವ ಪೋಸ್ಟ್ ಇರಬೇಕು. ಫೋಟೊ ಮೇಲಿನ ಬರಹವನ್ನೆಲ್ಲ ಮೊದಲು ಅದಕ್ಕೇ ಟೈಪ್ ಮಾಡಿ ಹಾಕಿ, ಕೆಲವು ದಿನ ಬಿಟ್ಟು ಬೇರೆಯವರ ಫೋನಿನಿಂದ ಹುಡುಕಿ ನೋಡಿ.